ರಜೆಯಲ್ಲಿದ್ದ ದನಿ

ರೈಲು ನಿಲ್ದಾಣದಲ್ಲಿ ಯಾವ ಗಾಡಿ ಎಲ್ಲಿಗೆ ಬರುತ್ತದೆಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಚಿಕ್ಕಂದಿನಲ್ಲಿ ಗುಂಡುಗುಂಡಗಿದ್ದಾಳೆಂದು ಎಲ್ಲರೂ ಕೆನ್ನೆ ಹಿಂಡಿ, ಕೈಗೆ ತಿಂಡಿ ತುರುಕಿದವರೇ. ಬೆಳೆದ ಮೇಲೆ ಅದೇ ಬಾಯಿಗಳು ‘ಡುಮ್ಮಿ’ ಎಂದವು. ಸಕ್ಕರೆ ಕಾಯಿಲೆ ಬಂತು, ಮಂಡಿ ಸೋತವು. ಡಾಕ್ಟರು ದಿನಾ ನಡೆಯಿರಿ ಎಂದರು. ಪಾರ್ಕಿನಲ್ಲಿ ಬೆನ್ನ ಹಿಂದೆ ಕಿಸಿಕಿಸಿ ನಗು ಕೇಳಿ ಅದನ್ನೂ ಬಿಟ್ಟಳು. ನಿಲ್ದಾಣದ ಮೈಕಿನ ಕೋಣೆಯಲ್ಲಿ ಬುತ್ತಿಯನ್ನೂ ಕಿಟಕಿಯ ಪರದೆ ಎಳೆದುಕೊಂಡು ಒಬ್ಬಳೇ ಉಣ್ಣುತ್ತಿದ್ದಳು.

ಒಂದು ಮಧ್ಯಾಹ್ನ ವಯಸ್ಸಾದ ಮೇಷ್ಟ್ರೊಬ್ಬರು ಗುಲಾಬಿ ಹಿಡಿದು ಬಾಗಿಲು ತಟ್ಟಿದರು.

“ಅನೌನ್ಸ್ ಮಾಡೋ ಮೇಡಂ ಎಲ್ಲಿದಾರಮ್ಮಾ? ಇಷ್ಟು ವರ್ಷ ಅವರ ದನಿ ಕೇಳ್ಕೊಂಡೇ ಗಾಡಿ ಹತ್ತಿದೀನಿ. ಇವತ್ತು ರಿಟೈರ್ ಆದೆ, ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ.”

ಅವರ ಕಣ್ಣು ಅವಳನ್ನು ದಾಟಿ ಕೋಣೆಯೆಲ್ಲ ಹುಡುಕಿತು. ‘ನಾನೇ’ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು.

“ರಜೆಯಲ್ಲಿದಾರೆ ಸಾರ್,” ಎಂದಳು ಪಿಸುದನಿಯಲ್ಲಿ. “ಬಂದ್ರೆ ಹೇಳ್ತೀನಿ.”

ಹೂವಿಟ್ಟು ಅವರು ಹೋದರು. ಅವರ ಗಾಡಿ ಬರುವುದಿತ್ತು, ಹೇಳದೆ ವಿಧಿಯಿರಲಿಲ್ಲ. ಮೈಕಿನಲ್ಲಿ ಮೊದಲ ಮಾತು ಹೊರಟದ್ದೇ ತಡ, ಕಿಟಕಿಯಾಚೆ ಪ್ಲಾಟ್‌ಫಾರ್ಮಿನಲ್ಲಿ ಅವರು ಗಕ್ಕನೆ ನಿಂತು ಕೋಣೆಯತ್ತ ಹಿಂತಿರುಗಿ ನೋಡಿದರು. ಅವಳು ಕುರ್ಚಿಯನ್ನು ಗೋಡೆಯತ್ತ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಬಾಗಿಲು ಮತ್ತೆ ಮೆಲ್ಲಗೆ ತಟ್ಟಿದ ಸದ್ದಾಯಿತು. ಅವಳು ಏಳಲಿಲ್ಲ.