ಪರದೆಯಲ್ಲಿ ಕಾಣದ ಹಲ್ಲು

ನನಗೆ ಸ್ವಂತ ಆಸ್ಪತ್ರೆ ಇಲ್ಲ. ನನ್ನ ಕಾರೇ ನನ್ನ ಆಸ್ಪತ್ರೆ ಎಂದು ಮನೆಯವರು ಗೇಲಿ ಮಾಡುತ್ತಾರೆ. ಬೆಳಿಗ್ಗೆ ಜಮಖಂಡಿ, ಮಧ್ಯಾಹ್ನ ಮುಧೋಳ, ಕರೆ ಬಂದರೆ ಬೀಳಗಿ, ಆಗಾಗ ಬನಹಟ್ಟಿ. ಎಲ್ಲಿ ಆಪರೇಷನ್ ಇದೆಯೋ ಅಲ್ಲಿಗೆ ಹೋಗಿ ಅರಿವಳಿಕೆ ಕೊಟ್ಟು, ರೋಗಿ ಎಚ್ಚರಾಗಿ ತನ್ನ ಊರಿನ ಹೆಸರು ಹೇಳಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಮುಂದಿನ ಊರಿಗೆ ಹೋಗುವುದು ನನ್ನ ಕೆಲಸ. ಜನ ನನ್ನನ್ನು ನಿದ್ದಿ ಡಾಕ್ಟರ್ ಅನ್ನುತ್ತಾರೆ, ಎದುರಿಗೆ ಬಾಯಾರ ಎಂದು ಕರೆಯುತ್ತಾರೆ. ನಿದ್ದೆ ಬರಿಸುವುದು ದೊಡ್ಡ ಮಾತಲ್ಲ. ಆ ನಿದ್ದೆಯಲ್ಲಿ ಅವರ ಉಸಿರಾಟವನ್ನೂ ನಾವೇ ನಿಲ್ಲಿಸಿರುತ್ತೇವೆ, ಮತ್ತೆ ಅದನ್ನು ನಾವೇ ನಡೆಸಬೇಕು. ಜನರಿಗೆ ಇದು ಗೊತ್ತಾದರೆ ಯಾರೂ ಮೇಜಿನ ಮೇಲೆ ಮಲಗಲಿಕ್ಕಿಲ್ಲ.

ಸಂಶಯ ನನ್ನ ಹುಟ್ಟುಗುಣ. ಹಾಲನ್ನು ಮೂಸದೆ ಒಲೆಗೆ ಇಡುವವಳಲ್ಲ, ಬೀಗ ಹಾಕಿ ಜಗ್ಗಿ ನೋಡದೆ ಮನೆ ಬಿಡುವವಳಲ್ಲ. ಈ ಕೆಲಸಕ್ಕೆ ಬಂದ ಮೇಲೆ ಆ ಗುಣ ಇನ್ನಷ್ಟು ಕೊಬ್ಬಿತು. ಆಕ್ಸಿಜನ್ ಸಿಲಿಂಡರ್ ತುಂಬಿದೆ ಎಂದು ಯಾರಾದರೂ ಹೇಳಿದರೆ ಮೊದಲು ಅದರ ಮೀಟರ್ ನೋಡುತ್ತೇನೆ, ಆಮೇಲೆ ಹೇಳಿದವರ ಮುಖ ನೋಡುತ್ತೇನೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ರೋಗಿ ಆಣೆ ಮಾಡಿದರೂ ಪಕ್ಕದಲ್ಲಿ ನಿಂತವರನ್ನು ಕೇಳದೆ ಬಿಡುವುದಿಲ್ಲ. “ಏನೂ ತಿಂದಿಲ್ರಿ, ಚಾದಾಗ ಎರಡ ಬಿಸ್ಕೀಟ ಅದ್ದಿದ್ರು ಅಷ್ಟ” ಎಂಬ ಉತ್ತರ ಎಷ್ಟೋ ಸಲ ಬಂದಿದೆ.

ರೋಗಿ ನಿದ್ದೆಗೆ ಜಾರಿದ ಮೇಲೆ ಬಾಯಿಯ ಮೂಲಕ ಶ್ವಾಸನಾಳಕ್ಕೆ ಒಂದು ನಳಿಕೆ ಇಳಿಸಬೇಕು. ದಾರಿ ತೋರಿಸಲು ಲ್ಯಾರಿಂಗೋಸ್ಕೋಪ್ ಬೇಕು. ನನ್ನ ಚೀಲದಲ್ಲಿರುವುದು ಹಳೆಯ ತರಹದ್ದು: ಒಂದು ಹಿಡಿಕೆ, ಅದಕ್ಕೊಂದು ಬಾಗಿದ ಸ್ಟೀಲ್ ಬ್ಲೇಡ್, ತುದಿಯಲ್ಲಿ ಸಣ್ಣ ದೀಪ. ಎಡಗೈಯಲ್ಲಿ ಹಿಡಿದು, ನಾಲಿಗೆಯನ್ನು ಒತ್ತಟ್ಟಿಗೆ ಸರಿಸಿ, ಹಲ್ಲಿಗೆ ತಾಗಿಸದೆ ಮೇಲೆತ್ತಿ, ಬಗ್ಗಿ ನಮ್ಮ ಕಣ್ಣಿನಿಂದಲೇ ನೋಡಬೇಕು. ಒಳಗೆ ಸ್ವರತಂತುಗಳು ಬೆಳ್ಳಗೆ ಕಂಡವೋ, ನಳಿಕೆ ತೂರಿಸುವುದು. ಕಂಡದ್ದು ನನಗೊಬ್ಬಳಿಗೇ. ನಾನು “ಹೋತು” ಅಂದರೆ ಹೋಯಿತು ಎಂದು ಎಲ್ಲರೂ ನಂಬುತ್ತಿದ್ದರು. ನಾನು ಮಾತ್ರ ನಂಬದೆ ಸ್ಟೆತಸ್ಕೋಪ್ ಇಟ್ಟು ಎರಡೂ ಕಡೆ ಎದೆ ಕೇಳಿ, ಮಾನಿಟರಿನಲ್ಲಿ ಉಸಿರಿನ ಗೆರೆ ನೋಡುತ್ತಿದ್ದೆ.

ಜಮಖಂಡಿಯಲ್ಲಿ ನಾನು ಹೋಗುವ ನರ್ಸಿಂಗ್ ಹೋಮಿನ ಸರ್ಜನ್ ಕಳೆದ ವರ್ಷ ವಿಡಿಯೋ ಲ್ಯಾರಿಂಗೋಸ್ಕೋಪ್ ತಂದರು. ಬ್ಲೇಡಿನ ತುದಿಯ ಹತ್ತಿರ ಕ್ಯಾಮೆರಾ, ಪಕ್ಕದಲ್ಲಿ ಪರದೆ. ಗಂಟಲು ಪರದೆಯ ಮೇಲೆ ದೊಡ್ಡದಾಗಿ, ಬಣ್ಣಬಣ್ಣವಾಗಿ ಬರುತ್ತದೆ. ಕೇಳದೆ ತಂದು ಕೊಟ್ಟರಲ್ಲ ಎಂಬುದೇ ನನ್ನ ಮೊದಲ ಸಂಶಯ. ನನ್ನ ಕೈಯ ಮೇಲೆ ಅವರಿಗೆ ನಂಬಿಕೆ ಹೋಯಿತೇ? ಇನ್ನು ಎಲ್ಲರೂ ನನ್ನ ಕೆಲಸದಲ್ಲಿ ಇಣುಕುತ್ತಾರೆ ಎಂಬ ಎರಡನೆಯ ಸಂಶಯ ಮೊದಲ ದಿನವೇ ಗಟ್ಟಿಯಾಯಿತು. ಸರ್ಜನ್ ಕೈ ತೊಳೆಯುವುದು ಬಿಟ್ಟು ನನ್ನ ಹೆಗಲ ಹಿಂದೆ ನಿಂತು ನೋಡತೊಡಗಿದರು. ಸಿಸ್ಟರ್ ಕೂಡ ಕತ್ತು ಚಾಚಿ “ಸ್ವಲ್ಪ ಮ್ಯಾಲೆ ಮೇಡಂ, ಇನ್ನೊಂಚೂರು ಮ್ಯಾಲೆ” ಎಂದು ದಾರಿ ಹೇಳಿದಳು. ಅಡಿಗೆ ಮಾಡುವಾಗ ನೆಂಟರೆಲ್ಲ ಒಲೆಯ ಸುತ್ತ ನಿಂತು ಉಪ್ಪಿನ ಬಗ್ಗೆ ಮಾತಾಡಿದಂತೆ. ನನಗೆ ಮೈಯೆಲ್ಲ ಉರಿಯಿತು.

ಆದರೂ ಸುಳ್ಳು ಹೇಳಬಾರದು. ಸಲೀಸಾದ ಗಂಟಲಿನಲ್ಲಿ ಎರಡಕ್ಕೂ ನನ್ನ ಕೈಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಬಾಯಿ ಕಿರಿದಾಗಿ, ಕುತ್ತಿಗೆ ಮೋಟಾಗಿದ್ದರೆ ಮಾತ್ರ ಕ್ಯಾಮೆರಾ ಖರೆಯಾಗಿಯೂ ಮೇಲು. ಕಣ್ಣಿಗೆ ಎಟುಕದ ಮೂಲೆ ಅದಕ್ಕೆ ಎಟುಕುತ್ತದೆ. ಹಾಗೆಂದು ಪರದೆಯಲ್ಲಿ ಬಾಗಿಲು ಕಂಡ ಮಾತ್ರಕ್ಕೆ ನಳಿಕೆ ಒಳಗೆ ಹೋಗುವುದಿಲ್ಲ. ಅದು ಬಾಗಿಲ ಮುಂದೆಯೇ ಅತ್ತಿತ್ತ ಬಡಿದುಕೊಳ್ಳುತ್ತದೆ, ಒಳಗೆ ತಂತಿ ಹಾಕಿ ಬಗ್ಗಿಸಿಕೊಳ್ಳಬೇಕಾಗುತ್ತದೆ. ಇನ್ನೊಂದು ಸಂಗತಿ ನನ್ನನ್ನು ಯಾವಾಗಲೂ ಕೊರೆಯುತ್ತಿತ್ತು. ಕ್ಯಾಮೆರಾ ಹಲ್ಲುಗಳನ್ನು ದಾಟಿದ ಮೇಲೆ ಒಳಗಿರುವುದನ್ನಷ್ಟೇ ತೋರಿಸುತ್ತದೆ. ಎಲ್ಲರ ಕಣ್ಣು ಪರದೆಗೆ ನೆಟ್ಟಿರುವಾಗ ತುಟಿಯ ಹತ್ತಿರ, ಹಲ್ಲಿನ ಹತ್ತಿರ ಏನಾಗುತ್ತಿದೆ ಎಂದು ಯಾರು ನೋಡುತ್ತಾರೆ?

ಹೀಗಿರುವಾಗ ಆ ದನದ ದಲಾಲ ಬಂದ. ಹಿಪ್ಪರಗಿ ಕಡೆಯವನು, ಐವತ್ತು ದಾಟಿದ ಆಳು, ಹಣೆಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿಕೊಂಡಿದ್ದ. ಸುತ್ತಿನ ಸಂತೆಗಳಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಆತನ ಮಾತೇ ಕೊನೆಯ ಮಾತಂತೆ. ಪಿತ್ತಕೋಶದಲ್ಲಿ ಕಲ್ಲು, ಮರುದಿನ ಆಪರೇಷನ್. ಹಿಂದಿನ ಸಂಜೆ ನಾನು ನೋಡಲು ಹೋದಾಗ ಹೆಂಡತಿ ಮಂಚದ ಪಕ್ಕ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

“ಬಾಯಿ ತಗೀರಿ” ಅಂದೆ.

“ಯಾಕ್ರಿ ಬಾಯಾರ? ಕಲ್ಲ ಇರೂದು ಹೊಟ್ಯಾಗ.”

“ಊರ ಎತ್ತಿಂದೆಲ್ಲಾ ಬಾಯಿ ಹಿಡದ ತಗೀತಾರ, ತಮ್ಮದ ತಗೀರಿ ಅಂದ್ರ ಮಾತ್ರ ಆಗೂದಿಲ್ಲ” ಎಂದು ಹೆಂಡತಿ ಎಲೆ ಮಡಚುತ್ತಲೇ ಚುಚ್ಚಿದಳು.

ಬಲವಂತಕ್ಕೆ ತೆರೆದ. ನನ್ನ ಎರಡು ಬೆರಳು ಕಷ್ಟಪಟ್ಟು ಹೊಕ್ಕವು, ಮೂರನೆಯದಕ್ಕೆ ಜಾಗವಿಲ್ಲ. ವರ್ಷಗಟ್ಟಲೆ ಗುಟ್ಕಾ ಜಗಿದವರ ಕೆನ್ನೆ ಒಳಗಿನಿಂದ ಬಿಗಿದುಕೊಳ್ಳುತ್ತದೆ, ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ. ಕೇಳಿದರೆ, “ಅದನ್ನ ಬಿಟ್ಟ ಭಾಳ ದಿನಾ ಆತ್ರಿ” ಎಂದ. ಅಂಗಿಯ ಕಿಸೆಯಲ್ಲಿ ಪುಡಿಕೆ ಇಣುಕುತ್ತಿತ್ತು. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಆತ ನೋಡಿದ.

ಹಲ್ಲುಗಳನ್ನು ಒಂದೊಂದಾಗಿ ಒತ್ತಿದೆ. ಯಾವುದೂ ಅಲುಗಲಿಲ್ಲ. “ಕಟ್ಟಿಸಿದ ಹಲ್ಲು ಅದಾವೇನ್ರಿ?”

“ಒಂದೂ ಇಲ್ರಿ. ಎಲ್ಲಾ ನಮ್ಮವ್ವ ಕೊಟ್ಟಾವು.”

ಈ ಬಾಯಿಗೆ ವಿಡಿಯೋ ಬ್ಲೇಡೇ ಸರಿ ಎಂದು ನಾನೇ ತೀರ್ಮಾನಿಸಿದೆ. ಸರ್ಜನ್ ಮುಖದಲ್ಲಿ ಗೆದ್ದ ಕಳೆ ಬಂತು.

ಮರುದಿನ ಆತ ಮೇಜಿನ ಮೇಲೆ ತುಟಿ ಬಿಗಿದುಕೊಂಡು ಮಲಗಿದ್ದ. ಮಾತಾಡಿಸಿದರೆ ತಲೆ ಆಡಿಸಿದ, ಬಾಯಿ ಬಿಡಲಿಲ್ಲ. ಹೆದರಿದ್ದಾನೆ ಅಂದುಕೊಂಡು ಮುಖಕ್ಕೆ ಮಾಸ್ಕ್ ಇಟ್ಟೆ. ನಿದ್ದೆ ಬಂತು. ಹಿಡಿಕೆ ಕೈಗೆ ತೆಗೆದುಕೊಂಡು ಬ್ಲೇಡನ್ನು ಬಾಯಿಗೆ ಇಳಿಸುವಷ್ಟರಲ್ಲಿ ಸರ್ಜನ್, “ಅಲ್ಲಿ ನೋಡ್ರಿ ಮೇಡಂ, ಎಷ್ಟ ಛಂದ ಬಂತು” ಎಂದು ಪರದೆಯತ್ತ ಕೈ ಮಾಡಿದರು. ನೋಡಿದೆ. ನಿಜಕ್ಕೂ ಚಂದವಿತ್ತು. ಸ್ವರತಂತುಗಳು ಅಚ್ಚುಕಟ್ಟಾಗಿ ಎದುರಿಗೇ ಇದ್ದವು. ನಳಿಕೆ ಒಂದೇ ಸಲಕ್ಕೆ ಹೋಯಿತು. ಹೋದದ್ದನ್ನು ಎಲ್ಲರೂ ಕಂಡರು.

ನಳಿಕೆಗೆ ಅಂಟುಪಟ್ಟಿ ಹಚ್ಚಲು ತುಟಿ ಸರಿಸಿದಾಗ ನನ್ನ ಕೈ ಅಲ್ಲೇ ನಿಂತಿತು. ಮೇಲಿನ ಸಾಲಿನಲ್ಲಿ ಮುಂದಿನ ಒಂದು ಹಲ್ಲು ಇಲ್ಲ. ನಿನ್ನೆ ಬೆರಳಿಟ್ಟು ಒತ್ತಿದ ಹಲ್ಲು.

ಮುರಿದ ಹಲ್ಲು ಎಲ್ಲಿಗಾದರೂ ಹೋಗಬಹುದು. ಹೊಟ್ಟೆಗೆ ಹೋದರೆ ಚಿಂತೆಯಿಲ್ಲ. ನಳಿಕೆಯ ಮುಂದೆ ಜಾರಿ ಪುಪ್ಪುಸಕ್ಕೆ ಇಳಿದಿದ್ದರೆ ಅಲ್ಲಿ ಕೂತು ಕೊಳೆಯಿಸುತ್ತದೆ, ಆ ಪಾಲಿನ ಉಸಿರನ್ನೇ ಮುಚ್ಚಬಹುದು. ತೆಗೆಯುವ ಸೌಲಭ್ಯ ನಮ್ಮ ಕಡೆ ಇಲ್ಲ. ಮಲಗಿದವನನ್ನು ಹಾಗೇ ಆಂಬುಲೆನ್ಸಿನಲ್ಲಿ ದೂರದ ಊರಿಗೆ ಸಾಗಿಸಬೇಕು. ನನಗೆ ಭಯವಾಯಿತು. ಇಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಒಂದು ಹಲ್ಲೂ ಬಿದ್ದಿರಲಿಲ್ಲ.

ಮತ್ತೆ ಕ್ಯಾಮೆರಾ ಹಾಕಿ ನೋಡಿದೆ, ಏನೂ ಇಲ್ಲ. ಅದನ್ನು ನಂಬದೆ ನನ್ನ ಸ್ಟೀಲ್ ಬ್ಲೇಡ್ ಹಾಕಿ ಬಗ್ಗಿ ನೋಡಿದೆ, ಅಲ್ಲೂ ಇಲ್ಲ. ಸಿಸ್ಟರ್ ದಿಂಬಿನ ಕೆಳಗೆ, ನೆಲದ ಮೇಲೆ, ಸಕ್ಷನ್ ಬಾಟಲಿಯಲ್ಲಿ ಹುಡುಕಿದಳು. ರಕ್ತದ ಒಂದು ಹನಿಯೂ ಇಲ್ಲ. ಹಲ್ಲು ಕಿತ್ತುಬಂದಿದ್ದರೆ ರಕ್ತ ಬೇಡವೇ? ಆಗ ನನ್ನ ಸಂಶಯ ಬೇರೆ ಕಡೆ ತಿರುಗಿತು: ಅದು ಕಟ್ಟಿಸಿದ ಹಲ್ಲಾಗಿದ್ದರೆ? ಅಂಥದ್ದಾಗಿದ್ದರೆ ಇನ್ನೂ ಕಷ್ಟ. ಅಂಥ ಹಲ್ಲನ್ನು ಕೂರಿಸುವ ಪ್ಲಾಸ್ಟಿಕ್ಕಿನ ತಟ್ಟೆ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ.

“ನೀವ ಒತ್ತಿದ್ದ ಹೆಚ್ಚಾತೇನು ಮೇಡಂ?” ಎಂದರು ಸರ್ಜನ್, ಮೆಲ್ಲಗೆ.

“ನಿಮ್ಮ ಪರದೆ ನೋಡೂದ ಹೆಚ್ಚಾತು” ಎಂದೆ, ಮೆಲ್ಲಗೇನೂ ಅಲ್ಲ.

ಅವರನ್ನೇ ತಲೆಯ ಹತ್ತಿರ ನಿಲ್ಲಿಸಿ, ಉಸಿರು ಕೊಡುವ ಚೀಲವನ್ನು ಕೈಗೆ ಕೊಟ್ಟು, ಹೆಂಡತಿಯನ್ನು ಆಪರೇಷನ್ ಕೋಣೆಯ ಬಾಗಿಲಿಗೆ ಕರೆಸಿದೆ. ಅರ್ಧ ತೆರೆದ ಬಾಗಿಲಲ್ಲಿ ನಿಂತು ಒಂದು ಕಣ್ಣು ಮಾನಿಟರಿನ ಮೇಲಿಟ್ಟುಕೊಂಡೇ ಕೇಳಿದೆ.

“ನಿಮ್ಮ ಮನಿಯವರ ಮುಂದಿನ ಹಲ್ಲು ಖರೆ ಹಲ್ಲೋ, ಕಟ್ಟಿಸಿದ್ದೋ?”

“ನಂಗೇನ ಗೊತ್ತಿಲ್ರಿ.”

ಗೊತ್ತಿಲ್ಲದವರು ಅಷ್ಟು ಬೇಗ ಉತ್ತರ ಕೊಡುವುದಿಲ್ಲ. “ಖರೆ ಹೇಳ್ರಿ.”

“ಹಲ್ಲಿಗೂ ಹೊಟ್ಟಿಗೂ ಏನ ಸಂಬಂಧ್ರಿ? ಆಪರೇಷನ್ ಮಾಡೂದಿಲ್ಲ ಅನ್ನಾಕ ಏನರೆ ನೆವಾ ಹುಡಕಾಕತ್ತೀರೇನ್ರಿ?”

ಆಕೆ ನನ್ನನ್ನು ನೋಡಿದ ರೀತಿ, ನಾನು ಸಿಲಿಂಡರಿನ ಮೀಟರ್ ನೋಡುವ ಹಾಗೇ ಇತ್ತು. ಮುಚ್ಚಿಟ್ಟುಕೊಂಡು ಕೇಳಿದರೆ ಈಕೆಯಿಂದ ಮಾತು ಹೊರಡುವುದಿಲ್ಲ ಅನ್ನಿಸಿತು.

“ನೋಡಕ್ಕಾ, ಅವರ ಬಾಯಾಗ ಹಲ್ಲು ಇಲ್ಲ. ನನ್ನ ಕೈಯಿಂದ ಮುರದು ಎದಿ ಒಳಗ ಹೋಗೇತೇನೋ ಅಂತ ನನಗ ಅಂಜಿಕಿ ಆಗೇತಿ. ಹೋಗಿದ್ರ ಅವರ ಜೀವಕ್ಕ ಕಷ್ಟ ಐತಿ.”

ಆಕೆಯ ಮುಖ ಇಳಿಯಿತು. ಸೊಂಟದಿಂದ ಎಲೆಯಡಿಕೆಯ ಸಂಚಿ ಎಳೆದು, ಸುಣ್ಣದ ಡಬ್ಬಿ ಸರಿಸಿ, ಅಡಿಕೆ ಹೋಳುಗಳ ನಡುವಿನಿಂದ ಒಂದು ಗುಲಾಬಿ ತಟ್ಟೆ ತೆಗೆದು ಅಂಗೈ ಮೇಲೆ ಇಟ್ಟಳು. ಅದಕ್ಕೊಂದು ಹಲ್ಲು ಅಂಟಿಕೊಂಡಿತ್ತು. ಸಂತೆಯಲ್ಲಿ ಯಾರಿಗೂ ಗುರುತು ಸಿಗದಂತೆ ಗುಟ್ಕಾದ ಕಲೆ ಕೂಡ ಹೊಂದಿಸಿ ಮಾಡಿಸಿದ್ದ, ಪಕ್ಕದ ಹಲ್ಲಿನಷ್ಟೇ ಹಳದಿ.

“ಒಳಗ ಹೋಗೂ ಮುಂದ ಅವರ ತಗದ ಕೊಟ್ಟಾರ್ರಿ. ಕಟ್ಟಿಸಿದ್ದ ಇದ್ರ ನಿದ್ದ್ಯಾಗ ನುಂಗ್ತೀರಿ ಅಂತ ಸಿಸ್ಟರ್ ಅಂದಿದ್ರಂತ, ಹೆದರಿದ್ರು. ಆದ್ರ ಯಾರಿಗೂ ತೋರಸಬ್ಯಾಡ ಅಂದಾರ. ನಮ್ಮ ಸೊಸ್ತ್ಯಾರಿಗೂ ಗೊತ್ತಿಲ್ರಿ ಇದು. ನಾ ತೋರಿಸಿದ್ದ ಅವರ ಮುಂದ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.”

“ಹೇಳೂದಿಲ್ಲ” ಅಂದೆ. ಅಂಜಿಕೆ ಹೋಯಿತು, ಅದರ ಹಿಂದೆಯೇ ಸಿಟ್ಟು ಬಂತು. ತಿರುಗುವಷ್ಟರಲ್ಲಿ ಆಕೆ ಕೇಳಿದಳು, ಜಗಳದ ದನಿಯಲ್ಲಲ್ಲ, ಬರೀ ಅರ್ಥವಾಗದೆ:

“ಹಂಗಾರ ನೀವ ಅವರ ಬಾಯಾಗ ನೋಡಿದ್ದಿಲ್ಲೇನ್ರಿ?”

ನಾನು ಬಾಗಿಲು ಹಾಕಿಕೊಂಡೆ. ಬ್ಲೇಡ್ ಇಳಿಸುವಾಗಲೇ ಅಲ್ಲಿ ಹಲ್ಲು ಇರಲಿಲ್ಲ. ಹಳೆಯ ಬ್ಲೇಡ್ ಆಗಿದ್ದರೆ ಹಲ್ಲಿನ ಸಾಲನ್ನು ನೋಡದೆ ಒಳಗೆ ಹೋಗುವ ಮಾತೇ ಇರಲಿಲ್ಲ. ಹಾಗೆಂದು ಯಂತ್ರದ ಮೇಲೆ ಹಾಕಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ; ಕ್ಯಾಮೆರಾ ತನಗೆ ಕಂಡದ್ದನ್ನೆಲ್ಲ ಸರಿಯಾಗಿಯೇ ತೋರಿಸಿತ್ತು. ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಸಂಜೆ ಮುಧೋಳದಿಂದ ಮರಳುವಾಗ ವಾರ್ಡಿಗೆ ಹೋದೆ. ದಲಾಲ ದಿಂಬಿಗೊರಗಿ ಕೂತಿದ್ದ. ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣು ಕಿರಿದಾಗಿಸಿ ನನ್ನನ್ನೇ ನೋಡಿದ. ಎತ್ತನ್ನು ಕೊಳ್ಳುವ ಮುಂಚೆ ಮಾರುವವನನ್ನು ಹೀಗೇ ನೋಡುತ್ತಾನೆ ಅನ್ನಿಸಿತು.

“ಬಾಯಾರ, ನನ್ನ ಹಲ್ಲ ಎಲ್ಲಾ ಅದಾವಲ್ರಿ?”

ನನಗೆ ತಕ್ಷಣ ಹೊಳೆಯಿತು. ಎಲ್ಲಾ ಇವೆ ಎಂದರೆ, ಬಾಯಿಯನ್ನೇ ನೋಡದೆ ಕೆಲಸ ಮಾಡುವವಳು ಎಂದು ತಿಳಿಯುತ್ತಾನೆ. ಒಂದು ಇಲ್ಲ ಎಂದರೆ, ನೀವೇ ಮುರಿದಿರಿ ಎಂದು ವಾರ್ಡ್ ತುಂಬ ಕೂಗಬಹುದು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

“ಇಲ್ಲ” ಅಂದೆ. “ಮ್ಯಾಲಿನ ಸಾಲಿನಾಗ ಮುಂದಿಂದೊಂದು ಇಲ್ಲ. ನಿನ್ನೆ ಇತ್ತು, ಇವತ್ತ ಮೇಜಿನ ಮ್ಯಾಲೆ ಇರಲಿಲ್ಲ.”

ಆತ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕ. ಗೋಡೆಯತ್ತ ತಿರುಗಿ ಹಿಂದಕ್ಕೆ ಕೈ ಚಾಚಿದ. ಹೆಂಡತಿ ಆ ಕೈಯಲ್ಲಿ ಏನೋ ಇಟ್ಟಳು. ಮತ್ತೆ ಈ ಕಡೆ ತಿರುಗಿದಾಗ ಸಾಲು ತುಂಬಿತ್ತು.

“ಎಷ್ಟ ಸಂತಿ ತಿರಿಗೇನಿ, ನನ್ನ ಬಾಯಾಗಿಂದು ಕಟ್ಟಿಸಿದ್ದಂತ ಒಬ್ಬ ಮಗಾ ಹಿಡದಿಲ್ರಿ. ನೀವ ಹಿಡದ್ರಿ. ಈಗಿನ ಡಾಕ್ಟರು ಮನಷ್ಯಾನ ಬಿಟ್ಟ ಟೀವಿ ನೋಡ್ತಾರ ಅಂತ ಮಂದಿ ಅಂತಿದ್ರು. ನೀವ ಹಂಗಲ್ರಿ. ನಮ್ಮ ಅಣ್ಣಂದೂ ಆಪರೇಷನ್ ಮಾಡಸೂದೈತಿ, ನೀವ ಇದ್ರಷ್ಟ ಮಲಗತಾನ ನೋಡ್ರಿ ಅಂವಾ.”

ಯಾರಾದರೂ ಹೊಗಳಿದರೆ ಏನು ಬೇಕಾಗಿದೆ ಇವರಿಗೆ ಎಂದು ಯೋಚಿಸುವವಳು ನಾನು. ಈತನಿಗೆ ಏನೂ ಬೇಕಾಗಿರಲಿಲ್ಲ. ನಿಜ ಹೇಳಿಬಿಡಬೇಕು ಅನ್ನಿಸಿ ಬಾಯಿಯವರೆಗೂ ಬಂತು. ಹೇಳಿದರೆ ಆಕೆಯ ಗತಿಯೇನು?

ಆಕೆ ಸಂಚಿಯ ದಾರ ಬಿಗಿಯುತ್ತ ನನ್ನ ಕಡೆ ನೋಡಿದಳು. ನಗಲಿಲ್ಲ.

“ಹೌದ್ರಿ ಮತ್ತ” ಅಂದಳು ಗಂಡನಿಗೆ. “ಬಾಯಾರ ಕಣ್ಣಿಗೆ ಏನೂ ತಪ್ಪೂದಿಲ್ಲ.”

ನಾನು ಆತನ ನಾಡಿ ಹಿಡಿದು, ಎಣಿಸುತ್ತಿರುವವಳ ಹಾಗೆ ಗಡಿಯಾರ ನೋಡುತ್ತ ನಿಂತೆ.