ದಿನ ಕಳೆದ ಮೊಟ್ಟೆಗಳು

ಮೊನ್ನೆ ಆಮ್ಲೆಟಿಗೆಂದು ಒಡೆದ ಮೊಟ್ಟೆಯೊಂದು ಕೆಟ್ಟುಹೋಗಿತ್ತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದರೆ, ನಾನು ಮಾತ್ರ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಎರ್ಮಾಳಿನ ಅಜ್ಜಿಮನೆಯ ಹಿಂದಿನ ಜಗಲಿ, ಸೌದೆ ರಾಶಿಯ ಪಕ್ಕದಲ್ಲಿ ಉಮಿ ತುಂಬಿದ ಬುಟ್ಟಿ, ಅದರಲ್ಲಿ ರೆಕ್ಕೆ ಹರಡಿ ಕಾವಿಗೆ ಕೂತ ಕಂದು ಹೇಂಟೆ, ತೆಂಗಿನ ಸಾಲಿನಾಚೆ ಬಿಡದೆ ಮೊರೆಯುವ ಕಡಲು, ಎಲ್ಲವೂ ಆ ನಾತದ ಬೆನ್ನಿಗೇ ಎದ್ದು ಬಂದವು. ಕೋಳಿ ಸಾಕಿದ ಮನೆಯಲ್ಲಿ ಬೆಳೆದವರಿಗೆ ಈ ನಾತ ಗೊತ್ತಿರುತ್ತದೆ. ಆದರೆ ನನಗೆ ಅದರ ಜೊತೆ ಒಂದು ಹೆದರಿಕೆಯೂ ಬರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಮೂರನೆಯ ಕ್ಲಾಸಿನಲ್ಲಿದ್ದೆ. ಅಮ್ಮನ ತಂಗಿ ಗುಲಾಬಿ ಚಿಕ್ಕಮ್ಮ ಹೆರಿಗೆಗೆಂದು ತವರಿಗೆ ಬಂದಿದ್ದಳು, ಚಿಕ್ಕಪ್ಪ ದುಬೈಯಲ್ಲಿದ್ದರು. ಹಿಂದಿನ ಸಲ ಅವಳ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೇಂಟೆಯನ್ನು ಕಾವಿಗೆ ಕೂರಿಸಿದವಳು ಅವಳೇ. ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿ, ಗುಡುಗಿಗೆ ಕೆಡಬಾರದೆಂದು ಉಮಿಯೊಳಗೆ ಒಂದು ಇದ್ದಿಲ ಚೂರನ್ನೂ ಕಬ್ಬಿಣದ ಮೊಳೆಯನ್ನೂ ಹುಗಿದಿಟ್ಟಿದ್ದಳು. ನಾವು ಹತ್ತಿರ ಹೋದರೆ ಕೊಕ್ಕಿನಿಂದ ಕುಕ್ಕುವ ಹೇಂಟೆ ಅವಳ ಕೈಯಿಂದ ಮಾತ್ರ ನುಚ್ಚು ತಿನ್ನುತ್ತಿತ್ತು. ಮಧ್ಯಾಹ್ನವೆಲ್ಲ ಅವಳು ಕಾಲು ಚಾಚಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬುಟ್ಟಿಯ ಪಕ್ಕದಲ್ಲೇ ಕೂತಿರುತ್ತಿದ್ದಳು.

ಮೂರು ವಾರಕ್ಕೆ ಮರಿಯಾಗಬೇಕಿತ್ತು. ಆಗಲಿಲ್ಲ. ಅದೇ ಹೊತ್ತಿಗೆ ಉಡುಪಿಯ ಡಾಕ್ಟರಮ್ಮ ಚಿಕ್ಕಮ್ಮನಿಗೆ ಹೇಳಿದ್ದ ದಿನವೂ ದಾಟಿತು. ನೋವು ಬಾರದಿದ್ದರೆ ಸೋಮವಾರ ಕರೆದುಕೊಂಡು ಬನ್ನಿ ಎಂದಿದ್ದರಂತೆ. ಬಂದ ಹೆಂಗಸರೆಲ್ಲ ತಗ್ಗಿದ ದನಿಯಲ್ಲಿ "ದಿನ ಕಳೆಯಿತಲ್ಲ" ಎನ್ನುವಾಗ, ಅದು ಮೊಟ್ಟೆಗಳ ಮಾತೋ ಚಿಕ್ಕಮ್ಮನ ಮಾತೋ ನನಗೆ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಬುಟ್ಟಿಯೊಳಗೆ ಮೊಟ್ಟೆಯೊಂದು ಟಪ್ಪೆಂದು ಸಿಡಿಯಿತು. ನಾತ ಒಳಗಿನ ಕೋಣೆಯವರೆಗೂ ಹಬ್ಬಿತು. ಅಜ್ಜಿ ಉಳಿದವನ್ನು ಎಸೆಯಲು ಎದ್ದಾಗ ಚಿಕ್ಕಮ್ಮ ಅಡ್ಡ ಬಂದಳು. "ಮುಟ್ಟಬೇಡ ಅಮ್ಮ. ಇನ್ನೂ ಸ್ವಲ್ಪ ಕಾಯುವಾ" ಎಂದಳು. ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಮಾತಿನ ನಡುವೆ ತಟ್ಟನೆ ನಿಂತು, ಹೊಟ್ಟೆಯ ಮೇಲೆ ಅಂಗೈ ಒತ್ತಿ, ಏನನ್ನೋ ಕೇಳಿಸಿಕೊಳ್ಳುವವಳಂತೆ ಕಣ್ಣು ಮುಚ್ಚುತ್ತಿದ್ದಳು. ಕಣ್ಣು ತೆರೆಯುವವರೆಗೆ ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

ಮಾರನೆಯ ದಿನ ಚಿಕ್ಕಮ್ಮ ಸ್ನಾನಕ್ಕೆ ಹೋದಾಗ ಅಜ್ಜಿ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತಂದು, ಹೇಂಟೆಯ ಅಡಿಯಿಂದ ಮೊಟ್ಟೆಗಳನ್ನು ತೆಗೆದು ಮೆಲ್ಲಗೆ ನೀರಿಗೆ ಬಿಟ್ಟರು. "ಜೀವ ಉಂಟಾದರೆ ಅಲ್ಲಾಡ್ತದೆ, ನೋಡು" ಎಂದರು. ನಾನು ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಮೊಟ್ಟೆಗಳು ತೇಲಿದವು. ನೀರಿನ ಅಲೆ ಅಡಗಿತು. ಒಂದೂ ಅಲುಗಲಿಲ್ಲ. ಅಜ್ಜಿ ಒಂದೊಂದನ್ನೂ ಕಿವಿಗೆ ಹಿಡಿದು ಕೇಳಿ, ಒರೆಸಿ, ಮತ್ತೆ ಹೇಂಟೆಯ ಅಡಿಗೇ ಇಟ್ಟರು. "ಚಿಕ್ಕಮ್ಮನಿಗೆ ಹೇಳಬೇಡ, ಆಯ್ತಾ" ಎಂದರು.

ಸಂಜೆ ನನ್ನ ಕೈ ಹಿಡಿದುಕೊಂಡು ನೆರೆಮನೆಯ ಬೀಪಾತುಮ್ಮನಲ್ಲಿಗೆ ಹೋದರು. ಅವರ ಅಂಗಳದಲ್ಲಿ ಹೊಸ ಮರಿಗಳು ಓಡಾಡುತ್ತಿದ್ದವು. "ಎಂತ ಕಲ್ಯಾಣಕ್ಕ, ಈ ಹೊತ್ತಿಗೆ?" ಎಂದು ಬೀಪಾತುಮ್ಮ ಕೇಳಿದಾಗ ಅಜ್ಜಿ ಮರಿಗಳತ್ತ ನೋಡಿದರು. ಆಮೇಲೆ, "ನಾಲ್ಕು ಮರಿ ಕೊಡು. ಗುಲಾಬಿಗೆ ಹೆದರಿಕೆ ಆಗಿ ಉಂಟು" ಎಂದರು. ಬೀಪಾತುಮ್ಮ ಮರಿಗಳನ್ನು ಹಿಡಿದು ಅಜ್ಜಿಯ ಸೆರಗಿಗೆ ಹಾಕಿ, ಅಜ್ಜಿಯ ತೋಳಿನ ಮೇಲೆ ಒಂದು ಗಳಿಗೆ ಕೈಯಿಟ್ಟು ನಿಂತರು.

ಕತ್ತಲು ಕವಿಯುವಾಗ ಅಜ್ಜಿ ಒಂದು ಕೈಯಿಂದ ಮೊಟ್ಟೆ ತೆಗೆಯುತ್ತ ಇನ್ನೊಂದು ಕೈಯಿಂದ ಮರಿಗಳನ್ನು ರೆಕ್ಕೆಯಡಿಗೆ ಸರಿಸಿದರು. ಬೇರೆ ಮರಿಗಳೆಂದು ತಿಳಿದರೆ ಹೇಂಟೆ ಕುಕ್ಕಿ ಕೊಂದೇಬಿಡುತ್ತದೆ ಎಂದು ನಾನು ಕೇಳಿದ್ದೆ. ಅದು ಕತ್ತಿನ ಗರಿ ನಿಮಿರಿಸಿ ಗುರ್ರೆಂದಿತು. ನಾನು ಅಜ್ಜಿಯ ಸೀರೆ ಬಿಗಿಯಾಗಿ ಹಿಡಿದುಕೊಂಡೆ. ಒಳಗಿನಿಂದ ಒಂದು ಮರಿ ಸಣ್ಣಗೆ ಚಿಂವ್ ಎಂದಿತು. ಹೇಂಟೆ ಕಿವಿಗೊಟ್ಟಂತೆ ತಲೆ ವಾಲಿಸಿ, ಆಮೇಲೆ ಮೆಲ್ಲನೆ ರೆಕ್ಕೆ ಇಳಿಸಿತು. ಅಜ್ಜಿ ಅಡುಗೆಮನೆಯಿಂದ ತಂದ ಮೊಟ್ಟೆಯ ಚಿಪ್ಪುಗಳನ್ನು ಉಮಿಯ ಮೇಲೆ ಚೆಲ್ಲಿ, ಕೆಟ್ಟ ಮೊಟ್ಟೆಗಳನ್ನು ತೆಂಗಿನ ಬುಡದಲ್ಲಿ ಹೂತರು.

ಬೆಳಗ್ಗೆ ಮರಿಗಳ ಸದ್ದಿಗೆ ಚಿಕ್ಕಮ್ಮ ಎದ್ದು ಬಂದಳು. ಬುಟ್ಟಿಯ ಬಳಿ ಕೂತು ತುಂಬ ಹೊತ್ತು ನೋಡಿದಳು. ಆಮೇಲೆ ಅಜ್ಜಿಯತ್ತ ತಿರುಗಿ, "ಗಂಜಿ ಉಂಟಾ ಅಮ್ಮ? ಹಸಿವಾಗ್ತದೆ" ಎಂದಳು. ಅದೇ ಸಂಜೆ ನೋವು ಶುರುವಾಯಿತು. ಬಾಡಿಗೆ ಕಾರು ಅವಳನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಉಡುಪಿಗೆ ಹೋಯಿತು. ಮರುದಿನ ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂಬ ಸುದ್ದಿ ಬರುವವರೆಗೆ ನಾನು ಜಗಲಿಯಿಂದ ಇಳಿಯಲೇ ಇಲ್ಲ.

ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು. ಹೆದ್ದಾರಿ ಅಗಲವಾದಾಗ ಮನೆಯೂ ಹೋಯಿತು. ಚಿಕ್ಕಮ್ಮ ಈಗ ಆದಿ ಉಡುಪಿಯಲ್ಲಿ ಆ ಮಗಳ ಜೊತೆ ಇದ್ದಾಳೆ. ಕೆಟ್ಟ ಮೊಟ್ಟೆಯ ವಿಷಯ ಹೇಳಲು ಹೋದವಳು ಅಜ್ಜಿ ಅಂದು ಮರಿ ತಂದಿಟ್ಟದ್ದನ್ನೂ ಅವಳಿಗೆ ಹೇಳಿಬಿಟ್ಟೆ. ಅವಳು ನಕ್ಕಳು.

"ಅವು ಆಗಷ್ಟೇ ಮೊಟ್ಟೆ ಒಡೆದು ಬಂದ ಮರಿಗಳಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು ಮಾರಾಯ್ತಿ. ರೆಕ್ಕೆಯಲ್ಲಿ ಗರಿ ಬಂದಿತ್ತಲ್ವಾ."

"ಮತ್ತೆ ಯಾಕೆ ಸುಮ್ಮನಿದ್ದದ್ದು?"

"ಅಮ್ಮನ ಮುಖ ನೋಡಿದೆ. ನನಗಿಂತ ಅವಳಿಗೇ ಹೆಚ್ಚು ಹೆದರಿಕೆ ಇತ್ತು."

ಆ ಬೆಳಗ್ಗೆ ನಾವು ಮೂವರೂ ಬುಟ್ಟಿಯ ಸುತ್ತ ಕೂತಿದ್ದೆವು. ಮರಿಗಳ ಗುಟ್ಟು ಮೂವರಿಗೂ ಗೊತ್ತಿತ್ತು. ಅಜ್ಜಿಯೊಬ್ಬರಿಗೆ ಮಾತ್ರ, ತಮ್ಮ ಮಗಳಿಗೂ ಗೊತ್ತು ಎಂಬುದು ಕೊನೆಯವರೆಗೆ ತಿಳಿಯಲಿಲ್ಲ. ಇದನ್ನು ಅವರಿಗೆ ಹೇಳಬಹುದಾಗಿದ್ದ ಮನೆಯ ಮೇಲೆ ಈಗ ಲಾರಿಗಳು ಓಡುತ್ತವೆ.