ಸಂತೆಬಾಚಹಳ್ಳಿಯಿಂದ ಬಂದ ಇಂಗ್ಲೆಂಡಿನ ಕಾರು

ನನ್ನ ಗಂಡ ಆ ಕಾರನ್ನು ಮನೆಗೆ ತಂದದ್ದು ಟ್ರಾಕ್ಟರಿನ ಟ್ರೈಲರಿನಲ್ಲಿ, ಹುಲ್ಲಿನ ಹೊರೆ ತರುವ ಹಾಗೆ ಹಗ್ಗ ಬಿಗಿದುಕೊಂಡು. ತೊಂಬತ್ತರ ದಶಕದ ಶುರುವಿನ ಮಾತು. ನಾನು ಮದುವೆಯಾಗಿ ಕಿಕ್ಕೇರಿಗೆ ಬಂದು ಬಹಳ ದಿನವಾಗಿರಲಿಲ್ಲ. ಮನೆಯಲ್ಲಿ ಮೂರೇ ಜನ: ನನ್ನ ಗಂಡ, ನಾನು, ನಮ್ಮ ಮಾವ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಮಾವ ಬಡಗಿ. ಸುತ್ತಿನ ಹಳ್ಳಿಗಳಿಗೆಲ್ಲ ಎತ್ತಿನ ಗಾಡಿ ಮಾಡಿಕೊಟ್ಟವರು. ಇರುವ ಒಬ್ಬ ಮಗ ಉಳಿ ಹಿಡಿಯುತ್ತಾನೆ ಅಂದುಕೊಂಡಿದ್ದರು. ಮಗ ಸ್ಪ್ಯಾನರು ಹಿಡಿದ. ಕೆ.ಆರ್. ಪೇಟೆಯಲ್ಲಿ ಒಂದು ಶೆಡ್ಡು ಬಾಡಿಗೆಗೆ ತೆಗೆದುಕೊಂಡು ಟ್ರಾಕ್ಟರು ರಿಪೇರಿಗೆ ಕೂತ. ಟ್ರಾಕ್ಟರು ಹೆಚ್ಚಾದಂತೆ ಗಾಡಿ ಕೇಳಿಕೊಂಡು ಬರುವವರು ಕಮ್ಮಿಯಾದರು. ಅಪ್ಪನ ಕೆಲಸವನ್ನು ಮಗನೇ ಕಿತ್ತುಕೊಂಡ ಅನ್ನುವಂಥ ಒಂದು ಮುನಿಸು ಮನೆಯಲ್ಲಿ ಉಳಿದುಬಿಟ್ಟಿತ್ತು. ಜಗಳವೇನೂ ಇರಲಿಲ್ಲ. ಮಾತಿರಲಿಲ್ಲ, ಅಷ್ಟೆ. ಏನಾದರೂ ಹೇಳುವುದಿದ್ದರೆ ಇಬ್ಬರೂ ನನಗೆ ಹೇಳುತ್ತಿದ್ದರು.

ಆ ಕಾರು ಸಂತೆಬಾಚಹಳ್ಳಿಯ ಒಂದು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಟ್ರಾಕ್ಟರು ನೋಡಲು ಹೋದ ನನ್ನ ಗಂಡ ಅದನ್ನು ನೋಡಿ ಮರುಳಾಗಿ ಬಂದರು. ಸೀಟಿಲ್ಲ, ಮೇಲಿನ ಬಟ್ಟೆಯ ಟಾಪಿಲ್ಲ, ಕೂರುವ ಜಾಗದಲ್ಲಿ ಕೋಳಿ ಕಾವಿಗೆ ಕೂತಿತ್ತಂತೆ. ಉದ್ದನೆಯ ಮೂತಿ, ಸೈಕಲ್ಲಿನದರ ಹಾಗೆ ಕಡ್ಡಿಗಳಿರುವ ಚಕ್ರ, ಬೆನ್ನಿಗೆ ಕಟ್ಟಿಕೊಂಡ ಇನ್ನೊಂದು ಚಕ್ರ, ಮೂತಿಯ ತುದಿಯಲ್ಲಿ ಎಂಟು ಮೂಲೆಯ ಒಂದು ಬಿಲ್ಲೆ. ಕೂರುವುದಕ್ಕೆ ಇಬ್ಬರಿಗೆ ಮಾತ್ರ ಜಾಗ.

"ಸತ್ತ ಎಮ್ಮೆ ಒತ್ಕೊಂಡು ಬಂದವ್ನಲ್ಲವ್ವಾ ನಿನ್ ಗಂಡ" ಅಂದರು ಮಾವ ಜಗಲಿಯ ಮೇಲಿನಿಂದ.

"ಇಂಗ್ಲೆಂಡಿಂದು ಕಣೇ ಇದು. ಓಟದ ಕಾರು. ಓಡಿಸ್ತೀನಿ, ನೋಡ್ತಿರು" ಅಂತ ನನ್ನ ಗಂಡ ನನಗೆ ಹೇಳಿದರು, ಮಾವನಿಗೂ ಕೇಳುವ ಹಾಗೆ.

ಭಾನುವಾರ ಭಾನುವಾರ ಹಿತ್ತಲಿನ ಚಪ್ಪರದಲ್ಲಿ ಅದನ್ನು ಬಿಚ್ಚುತ್ತ ಕೂರುತ್ತಿದ್ದರು. ಒಂದು ದಿನ ಬಾಗಿಲ ಪಕ್ಕದ ತಗಡನ್ನು ಕಿತ್ತಾಗ ಒಳಗಿಂದ ಗೆದ್ದಲು ಮಣ್ಣು ಉದುರಿತು. ಅದರ ಹಿಂದೆ ಮರ. ಕಬ್ಬಿಣದ್ದು ಅಂದುಕೊಂಡಿದ್ದ ಕಾರಿನ ಮೈಯೆಲ್ಲ ಒಳಗೆ ಮರದ ಚೌಕಟ್ಟು. ತಗಡು ಮೇಲಿನ ಹೊದಿಕೆ ಮಾತ್ರ. ಮುಕ್ಕಾಲು ಪಾಲು ಗೆದ್ದಲು ತಿಂದು ಮುಗಿಸಿತ್ತು. ನನ್ನ ಗಂಡ ತಲೆಯ ಮೇಲೆ ಕೈ ಹೊತ್ತು ಕೂತರು.

ಮಾವ ದನಕ್ಕೆ ನೀರು ಇಡಲು ಹೋಗುತ್ತಿದ್ದವರು ನಿಂತರು. ಬಕೆಟ್ಟು ಕೆಳಗಿಟ್ಟು ಬಂದು, ತುಂಡಾಗಿ ಬಿದ್ದಿದ್ದ ಮರದ ಚೂರೊಂದನ್ನು ಎತ್ತಿ, ಉಗುರಿನಿಂದ ಕೆರೆದು, ಮೂಗಿಗೆ ಹಿಡಿದರು.

"ಇದು ನಮ್ ಕಡೆ ಮರ ಅಲ್ಲ ಕಣ್ಲಾ" ಅಂದರು.

ನಾನು ಆ ಮನೆಗೆ ಬಂದ ಮೇಲೆ ಅಪ್ಪ ಮಗನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ನನ್ನ ಗಂಡ ತಲೆಯೆತ್ತಿ, "ಯಾವ್ದ್ರಲ್ಲಿ ಮಾಡ್ಬೋದಪ್ಪಾ?" ಅಂತ ಕೇಳಿದರು. "ಹೊನ್ನೆ ಮರ್ದಲ್ಲಿ ಮಾಡ್ಬೋದು. ಬಾಗಿರೋ ತುಂಡು ನೋಡ್ಬೇಕು" ಅಂದರು ಮಾವ. ನಾನು ಒಳಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತೆ. ಏನು ಮಾಡಲು ಬಂದೆ ಅನ್ನುವುದೇ ಮರೆತುಹೋಗಿತ್ತು.

ಅಲ್ಲಿಂದಾಚೆಗಿನ ನಾಲ್ಕಾರು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಮಾವ ಮರ ಕೆತ್ತುತ್ತಿದ್ದರು, ಮಗ ತಗಡು ಬಡಿಯುತ್ತಿದ್ದರು. ಪಾಂಡವಪುರದಲ್ಲಿ ಶೆಡ್ಡು ಇಟ್ಟಿದ್ದ ನನ್ನ ಗಂಡನ ಸ್ನೇಹಿತನೊಬ್ಬ ಎಂಜಿನ್ನನ್ನು ಬಿಚ್ಚಿ ತನ್ನಲ್ಲಿಗೆ ಒಯ್ದಿದ್ದ. ಬೈಗುಳವೂ ಶುರುವಾಯಿತು. "ಮೊಳೆ ಒಡೆಯೋಕೂ ಬರಾಕಿಲ್ಲ ನಿಂಗೆ, ಕೊಡ್ಲಾ ಇಲ್ಲಿ!" ಅಂತ ಮಾವ ಗದರುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಅದನ್ನು ಕೇಳುವುದೇ ಒಂದು ಸುಖ.

ಕಾರಿನ ಕೆಂಪು ಬಣ್ಣವನ್ನು ಕೆರೆದರೆ ಕೆಳಗೆ ಕಡು ಹಸಿರು ಸಿಕ್ಕಿತು. ಹಾಗಾದರೆ ಮೊದಲಿದ್ದ ಹಾಗೇ ಮಾಡಬೇಕು ಅಂತ ನನ್ನ ಗಂಡನಿಗೆ ಹಟ ಬಂತು.

"ಬಣ್ಣ ಕೆರೆದ್ರೆ ಗೊತ್ತಾಯ್ತದೆ. ಸೀಟು ಎಂಗಿತ್ತು ಅಂತ ಎಲ್ಲಿ ಕೆರೆಯೋದು? ಇದ್ನ ಮೊದ್ಲು ಇಟ್ಕೊಂಡಿದ್ದೋರ್ನ ಹುಡುಕ್ಬೇಕು" ಅಂದರು.

ಸಂತೆಬಾಚಹಳ್ಳಿಯವರು ನಾಗಮಂಗಲದ ಒಬ್ಬನಿಂದ ಕೊಂಡದ್ದು ಅಂದರು. ಅಲ್ಲಿಗೆ ಹೋಗಿ ಬಂದ ವಾರದಲ್ಲೇ ಒಂದು ಬೆಳಿಗ್ಗೆ, "ಪಟ್ಣಕ್ಕೆ ಓಗ್ಬುಟ್ಟು ಬತ್ತೀನಿ, ಊಟದೊತ್ಗೆ ಬಂದ್ಬುಡ್ತೀನಿ" ಅಂತ ಮೋಟಾರುಬೈಕು ಹತ್ತಿದರು. ಪಟ್ಣ ಅಂದರೆ ನಮ್ಮ ಕಡೆ ಶ್ರೀರಂಗಪಟ್ಟಣ. ಯಾರ ಮನೆಗೆ ಅಂತ ನಾನು ಕೇಳಲಿಲ್ಲ.

ಊಟದ ಹೊತ್ತಿಗೆ ಬರಲಿಲ್ಲ. ಕತ್ತಲಾಗುವ ಸಮಯದಲ್ಲಿ ಚಿನಕುರಳಿ ದಾಟಿದ ಮೇಲೆ, ಕಬ್ಬು ತುಂಬಿದ ಟ್ರಾಕ್ಟರೊಂದು ಹಿಂದಿನ ದೀಪವಿಲ್ಲದೆ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ನನ್ನ ಗಂಡ ಅದಕ್ಕೆ ಹೋಗಿ ಗುದ್ದಿದರು. ಆಸ್ಪತ್ರೆಗೆ ಸಾಗಿಸುವ ಮೊದಲೇ ಮುಗಿದಿತ್ತು.

ಅದಾದ ಮೇಲಿನ ದಿನಗಳನ್ನು ಬರೆಯಲಾರೆ. ಬರೆಯಲು ಕೂತರೂ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ತವರಿನಿಂದ ಅಪ್ಪ ಅಣ್ಣ ಬಂದು ಕರೆದರು. ಹೋಗಲಿಲ್ಲ. ನಾನು ಹೋದರೆ ಮಾವ ಒಲೆ ಹಚ್ಚುವುದಿಲ್ಲ ಅಂತ ಗೊತ್ತಿತ್ತು. ಮಾವ ಕಾರಿನ ಮೇಲೆ ಟಾರ್ಪಾಲು ಎಳೆದು ನಾಲ್ಕು ಮೂಲೆಗೂ ಕಲ್ಲು ಹೇರಿದರು. ಉಳಿ, ಬಾಚಿ, ಗರಗಸ ಎಲ್ಲ ಗೋಣಿಚೀಲದೊಳಗೆ ಹೋದವು.

ನನ್ನನ್ನು ಕೊರೆಯುತ್ತಿದ್ದುದು ಒಂದೇ. ಆ ದಿನ ಬೆಳಿಗ್ಗೆ ಮನೆ ಬಿಟ್ಟವರು ಸಂಜೆಯವರೆಗೆ ಎಲ್ಲಿದ್ದರು? ಏನು ತಿಂದರು? ಯಾರ ಜೊತೆ ಮಾತಾಡಿದರು? ಕೊನೆಗೆ ಆಡಿದ ಮಾತು ನನ್ನ ಕಿವಿಗೆ ಬೀಳಲಿಲ್ಲ, ಬೇರೆ ಯಾರದೋ ಕಿವಿಗೆ ಬಿದ್ದಿದೆ, ಅವರಿಗೆ ಅದು ಕೊನೆಯ ಮಾತು ಅಂತಲೇ ಗೊತ್ತಿಲ್ಲ. ಒಂದು ಮಧ್ಯಾಹ್ನ ಮಾವನ ಮುಂದೆ ಅದನ್ನು ಹೇಳಿಬಿಟ್ಟೆ. "ನಾಗಮಂಗ್ಲದೋನ್ನ ಕೇಳಾವಾ?" ಅಂದರು ಮಾವ.

ನಾಗಮಂಗಲದಲ್ಲಿ ಆ ಕಾರು ಇಟ್ಟುಕೊಂಡಿದ್ದವನು ಮದುವೆ ಮೆರವಣಿಗೆಗಳಿಗೆ ಬ್ಯಾಂಡ್‌ಸೆಟ್ಟು, ದೀಪ ಒದಗಿಸುವವನು. ಕೆಂಪು ಬಣ್ಣ ಬಳಿಸಿದ್ದು ಅವನೇ. ಮದುಮಗನನ್ನು ಕಾರಿನ ಹಿಂಬದಿಗೆ ಎತ್ತರಿಸಿ ಕೂರಿಸಿ ಊರ ತುಂಬ ಮೆರೆಸುತ್ತಿದ್ದನಂತೆ. ನಮ್ಮನ್ನು ನೋಡಿದವನೇ, "ಓ, ಮೊನ್ನೆ ಮೊನ್ನೆ ಬಂದಿದ್ನಲ್ಲಾ ನಿಮ್ ಹುಡ್ಗ, ರೆಡಿ ಆಯ್ತಾ ಕಾರು?" ಅಂತ ನಕ್ಕ. ಮಾವ ವಿಷಯ ಹೇಳಿದರು. ಅವನು ನಮಗೆ ಕುರ್ಚಿ ಹಾಕಿಸಿ ತಾನು ನಿಂತೇ ಇದ್ದ. ಶ್ರೀರಂಗಪಟ್ಟಣದ ಕೋಟೆಯೊಳಗೆ ಒಬ್ಬ ಡಾಕ್ಟರ ಮನೆಯಿಂದ ಕೊಂಡದ್ದು, ಡಾಕ್ಟರು ಆಗಲೇ ತೀರಿಕೊಂಡಿದ್ದರು, ಅವರ ಹೆಂಡತಿ ಇನ್ನೂ ಅಲ್ಲೇ ಇದ್ದಾರೆ ಅಂತ ಹೇಳಿ, ಮನೆಯ ಗುರುತನ್ನೂ ಕೊಟ್ಟ.

ಮಾರನೆಯ ವಾರ ಪಾಂಡವಪುರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಅಲ್ಲಿಗೆ ಹೋದೆವು. ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ತಂಪಾದ ಹಳೆಯ ಮನೆ. ಬಾಗಿಲು ತೆರೆದಾಕೆ ಎಪ್ಪತ್ತು ದಾಟಿದ ತೆಳ್ಳಗಿನ ಹೆಂಗಸು. ಕಾರಿನ ವಿಷಯ ಅಂದ ಕೂಡಲೇ ಮುಖ ಅರಳಿತು.

"ಬನ್ನಿ, ಬನ್ನಿ. ಆ ಹುಡುಗ ಎಲ್ಲಿ? ಕಾರು ತಂದು ತೋರಿಸ್ತೀನಿ ಅಂತ ಹೇಳಿ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ."

ಮಾವನೇ ಹೇಳಿದರು. "ಅವ್ನಿಲ್ಲ ಕಣವ್ವಾ. ನಿಮ್ಮನೆಯಿಂದ ಬರೋವಾಗ್ಲೇ ಓಗ್ಬುಟ್ಟ. ಇವ್ಳು ಅವ್ನ ಎಂಡ್ತಿ. ನಾನು ಅವ್ರಪ್ಪ."

ಆಕೆ ಗೋಡೆ ಹಿಡಿದುಕೊಂಡು ಕೂತರು. "ನಾನೇ ಹೊತ್ತು ಮಾಡಿಸಿದೆ" ಅಂದರು. "ಅವನು ಆಗಲೇ ಎದ್ದಿದ್ದ. ಆ ಕಾರಿನ ಬಗ್ಗೆ ಎಷ್ಟು ವರ್ಷಕ್ಕೆ ಒಬ್ಬ ಕೇಳೋಕೆ ಬಂದಿದ್ದನಮ್ಮ. ಇನ್ನೊಂದು ಸ್ವಲ್ಪ ಕೂತ್ಕೋ, ಇನ್ನೊಂದು ಸ್ವಲ್ಪ ಕೂತ್ಕೋ ಅಂತ ನಾನೇ ಹಿಡಿದು ಕೂರಿಸಿದೆ. ಊಟ ಮಾಡು ಅಂದ್ರೆ ಮಾಡಲಿಲ್ಲ. ಮನೇಲಿ ಕಾಯ್ತಿರ್ತಾಳೆ ಅಂದ. ಎರಡು ಬಾಳೆಹಣ್ಣು ತಿಂದ, ಅಷ್ಟೆ."

ಒಂದು ಗಳಿಗೆ ನನಗೆ ಆ ಮುದುಕಿಯ ಮೇಲೆ ಹೇಳಲಾರದ ಸಿಟ್ಟು ಬಂತು. ಬೆಳಕಿರುವಾಗಲೇ ಬಿಟ್ಟಿದ್ದರೆ ರಸ್ತೆ ಕಾಣುತ್ತಿತ್ತು. ಎದ್ದು ಹೊರಟುಬಿಡಬೇಕು ಅನ್ನಿಸಿತು. ಆದರೆ ಆಕೆಯ ಕೈ ಕಣ್ಣಿಗೆ ಬಿತ್ತು. ಆ ಕೈಯಿಂದಲೇ ಅಲ್ಲವೇ ಬಾಳೆಹಣ್ಣು ಕೊಟ್ಟದ್ದು ಅನ್ನಿಸಿ, ಪಕ್ಕಕ್ಕೆ ಹೋಗಿ ಅದನ್ನು ಹಿಡಿದುಕೊಂಡೆ. "ನಿಮ್ಮ ತಪ್ಪಲ್ಲಮ್ಮ" ಅಂದೆ. ಹೇಳಿದ ಮೇಲೆ ಅದು ನಿಜ ಅನ್ನಿಸಿತು.

ಆಮೇಲೆ ಆಕೆ ನನ್ನ ಗಂಡನಿಗೆ ಹೇಳಿದ್ದನ್ನೆಲ್ಲ ನಮಗೂ ಹೇಳಿದರು. ಮೈಸೂರಿನಲ್ಲಿದ್ದ ಒಬ್ಬ ಇಂಗ್ಲಿಷಿನವನು ತನ್ನ ದೇಶಕ್ಕೆ ವಾಪಸ್ಸಾಗುವಾಗ ಡಾಕ್ಟರಿಗೆ ಬಿಟ್ಟುಹೋದ ಕಾರು ಅದು. ಹಸಿರು ಮೈ, ಹಳೆಯ ರಕ್ತದ ಬಣ್ಣದ ಚರ್ಮದ ಸೀಟು. ಡಾಕ್ಟರು ಹೆಂಡತಿಗೂ ಓಡಿಸುವುದು ಕಲಿಸಿದ್ದರು. ನಾಲೆ ಏರಿಯ ಮೇಲೆ ಆಕೆ ಕಾರು ಬಿಟ್ಟುಕೊಂಡು ಹೋದರೆ ಗದ್ದೆಯ ಹೆಂಗಸರು ನಾಟಿ ನಿಲ್ಲಿಸಿ ನೋಡುತ್ತಿದ್ದರಂತೆ. ಡಾಕ್ಟರು ಸತ್ತ ತಿಂಗಳೊಳಗೆ ಮೈದುನ ಅದನ್ನು ಮಾರಿದ. "ನನ್ನನ್ನು ಕೇಳಲಿಲ್ಲ. ನಾನು ಒಳಮನೇಲಿದ್ದೆ. ಸದ್ದು ಕೇಳಿಸ್ತು. ಬೀದಿ ತುದಿಯಲ್ಲಿ ಗೇರು ಬದಲಾಯಿಸಿದ್ದೂ ಕೇಳಿಸ್ತು" ಅಂದರು.

ಹೊರಡುವಾಗ ಮಾವನ ಕಡೆ ತಿರುಗಿ, "ನಿಮ್ಮ ಬಗ್ಗೆಯೇ ಹೆಚ್ಚು ಮಾತಾಡಿದ ಕಣಪ್ಪ. ಮರದ ಕೆಲಸ ಅಪ್ಪಂದು, ಕಬ್ಬಿಣದ್ದು ನಂದು, ಅಪ್ಪನ ಜೊತೆ ಕೂತು ಕೆಲಸ ಮಾಡ್ತಿರೋದು ಇದೇ ಮೊದಲು, ಬೇಗ ಮುಗಿದುಹೋದರೆ ಏನು ಮಾಡೋದು ಅಂತ ನಿಧಾನಕ್ಕೆ ಮಾಡ್ತಿದೀನಿ ಅಂದ" ಅಂದರು.

ಮಾವ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಮಗನನ್ನು ಮಣ್ಣು ಮಾಡುವಾಗಲೂ ಅಳದಿದ್ದ ಮನುಷ್ಯ, ಗುರುತಿಲ್ಲದವರ ನಡುಮನೆಯಲ್ಲಿ ದನಿ ತೆಗೆದು ಅತ್ತರು.

ಮಾರನೆಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಟಾರ್ಪಾಲು ಸರಿದಿತ್ತು. "ಬಾವ್ವಾ, ಗರಗಸದ ಆ ಕಡೆ ಇಡ್ಕೊ" ಅಂದರು. ಹಿಡಿದುಕೊಂಡೆ. ಮಗ ಮಾಡಬೇಕಿದ್ದ ಕೆಲಸಕ್ಕೆಲ್ಲ ನಾನು ನಿಂತೆ. ಊರವರು ಒಂದೆರಡು ದಿನ ಬೇಲಿಯಾಚೆಯಿಂದ ನೋಡಿ ಆಡಿಕೊಂಡರು, ಆಮೇಲೆ ಸುಮ್ಮನಾದರು. ಪಾಂಡವಪುರದ ಸ್ನೇಹಿತ ಎಂಜಿನ್ನು ತಂದು ಕೂರಿಸಿದ. ಕೆ.ಆರ್. ಪೇಟೆಯಲ್ಲಿ ಬಸ್ಸಿನ ಸೀಟು ಹೊಲಿಯುವವನು ಸೀಟು ಹೊಲಿದುಕೊಟ್ಟ. ಚರ್ಮ ಸಿಗಲಿಲ್ಲ, ಅದೇ ಬಣ್ಣದ ರೆಕ್ಸಿನ್ ಹಾಕಿಸಿದೆವು. ಎಂಜಿನ್ನು ಮೊದಲು ಸದ್ದು ಮಾಡಿದ ದಿನ ನಾನು ಖುಷಿಪಡಬಹುದು ಅಂದುಕೊಂಡಿದ್ದೆ. ಹೊಗೆ ಕಾರಿಕೊಂಡು ಅದು ಗುಡುಗಿದಾಗ ಮೂವರೂ ಮೂರು ಕಡೆ ಮುಖ ತಿರುಗಿಸಿ ನಿಂತಿದ್ದೆವು.

ಡಾಕ್ಟರ ಹೆಂಡತಿಗೆ ತೋರಿಸಿ ಬರಲೇಬೇಕು ಅಂದದ್ದು ಮಾವ. ಸ್ನೇಹಿತ ಓಡಿಸಿದ, ಇಬ್ಬರ ಜಾಗದಲ್ಲಿ ಮೂವರು ಇರುಕಿಕೊಂಡು ಕೂತೆವು. ಚಿನಕುರಳಿ ಹತ್ತಿರ ಬಂದಾಗ ಮಾವ ಕಣ್ಣು ಮುಚ್ಚಿಕೊಂಡಿದ್ದರು. ಆಕೆ ಬೀದಿಗೆ ಬಂದು ಕಾರಿನ ಸುತ್ತ ಒಂದು ಸುತ್ತು ಬಂದರು. ಸ್ಟೇರಿಂಗಿನ ಮುಂದೆ ಕೂತು, ಎಂಜಿನ್ನು ಶುರು ಮಾಡಿಸಿ, ಕಾರು ಕದಲಿಸದೆ ಕೇಳುತ್ತ ಕೂತಿದ್ದರು. "ಸಾಕಪ್ಪ" ಅಂತ ಇಳಿದರು. ಊಟ ಮಾಡದೆ ಬಿಡಲಿಲ್ಲ. ಊಟವಾದ ಕೂಡಲೇ ಅವರೇ ನಮ್ಮನ್ನು ಎಬ್ಬಿಸಿದರು: "ಹೊರಡಿ, ಹೊರಡಿ, ಬಿಸಿಲಿರುವಾಗಲೇ ಮನೆ ಸೇರ್ಕೊಳ್ಳಿ."

ವಾಪಸ್ಸು ಬರುವಾಗ ಮಾವ ಕಣ್ಣು ಬಿಟ್ಟುಕೊಂಡೇ ಇದ್ದರು. ಆ ಜಾಗ ಬಂದಾಗ, "ನಿಲ್ಸಪ್ಪಾ" ಅಂದರು. ಇಳಿದು ರಸ್ತೆಯ ಬದಿ ನಿಂತರು. ಅಲ್ಲಿ ಏನೂ ಇರಲಿಲ್ಲ. ಕಬ್ಬಿನ ಗದ್ದೆ, ಒಂದು ಮೈಲಿಗಲ್ಲು. ನಾನು ಕರೆದೆ.

"ನೀವು ಓಗ್ರವ್ವಾ. ಅವ್ನು ಕೂರ್ಬೇಕಾಗಿದ್ದ ಜಾಗದಲ್ಲಿ ಇನ್ನು ನಾನು ಕೂರಾಕಿಲ್ಲ. ಬಸ್ಸಿಗೆ ಬತ್ತೀನಿ" ಅಂದರು.

ಎಷ್ಟು ಹೇಳಿದರೂ ಹತ್ತಲಿಲ್ಲ. ಕತ್ತಲಾಗುವ ಮುಂಚೆ ಬಸ್ಸಿನಲ್ಲಿ ಬಂದಿಳಿದರು. ಬಿಸಿನೀರು ಕೇಳಿ ಸ್ನಾನ ಮಾಡಿದರು, ಮುದ್ದೆ ಉಂಡರು. ಆ ಕಾರಿನ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಕೆಡದೆ ಇರಲಿ ಅಂತ ಸ್ನೇಹಿತ ಹೇಳಿಕೊಟ್ಟಂತೆ ನಾನು ವಾರಕ್ಕೊಮ್ಮೆ ಎಂಜಿನ್ನು ಶುರು ಮಾಡಿದರೆ, ಮಾವ ಹಸು ಹಿಡಿದುಕೊಂಡು ಕೆರೆಯ ಕಡೆ ಹೊರಟುಬಿಡುತ್ತಿದ್ದರು.

ದಶಕ ಮುಗಿಯುವ ಮುಂಚೆ ಮಾವನೂ ಹೋದರು. ಕೊನೆಯ ಒಂದೆರಡು ವರ್ಷ ನಾವಿಬ್ಬರೂ ಸೇರಿ ಬಾಗಿಲು, ಕಿಟಕಿ ಮಾಡಿಕೊಡುತ್ತಿದ್ದೆವು. ಅಳತೆ ಹಾಕುವುದೆಲ್ಲ ನನ್ನದೇ ಕೆಲಸವಾಗಿತ್ತು. ತಿಥಿ ಮುಗಿದ ಮೇಲೆ ಪಾಂಡವಪುರದ ಸ್ನೇಹಿತನನ್ನು ಕರೆಸಿ, ಕಾರು ತೆಗೆದುಕೊಂಡು ಹೋಗು ಅಂದೆ. ಅವನು ಹೌಹಾರಿದ.

"ನಾನಿಟ್ಕೊಳಾಕಾಗಾಕಿಲ್ಲ ಅತ್ಗೆ. ಕಣ್ಮುಂದೆ ಇದ್ರೆ ನಂಗೂ ಆಗಾಕಿಲ್ಲ. ಯಾರ್ಗಾದ್ರೂ ಕೊಡ್ಬೇಕಾಯ್ತದೆ."

"ಕೊಡು. ಯಾರಿಗೆ ಕೊಟ್ಟೆ ಅಂತ ನನಗೆ ಹೇಳ್ಬೇಡ" ಅಂದೆ.

ಅವನು ಕಾರು ಒಯ್ದ. ಯಾರಿಗೆ ಕೊಟ್ಟ ಅಂತ ಇವತ್ತಿನವರೆಗೂ ಹೇಳಿಲ್ಲ. ಹಬ್ಬಕ್ಕೆ ಬರುತ್ತಾನೆ, ಉಣ್ಣುತ್ತಾನೆ, ಮಕ್ಕಳ ಸಮಾಚಾರ ಹೇಳುತ್ತಾನೆ. ಕಾರು ನಿಂತಿದ್ದ ಚಪ್ಪರದ ಕಡೆ ಇಬ್ಬರೂ ಹೋಗುವುದಿಲ್ಲ.